ಹಸಿರು ಚುಕ್ಕಿ

ಜನವರಿ 8, ಸೋಮವಾರ

ಕೊನೆಗೂ ಹೆಡ್‌ಮಿಸ್ ಒಪ್ಪಿದರು. ಒಂದನೇ ಕ್ಲಾಸಿಗೆ ಊಟದ ಪಾಠ ಮಾಡುವ ಕೆಲಸ ನನ್ನದು. ಐದು ವಾರ. ಫೆಬ್ರವರಿ ಒಂಬತ್ತಕ್ಕೆ ಆರೋಗ್ಯ ಇಲಾಖೆಯ ಡಾಕ್ಟರು ಬರುತ್ತಾರೆ, ಅಪ್ಪ ಅಮ್ಮಂದಿರೂ ಬರುತ್ತಾರೆ. ಅವತ್ತು ಮಕ್ಕಳು ಒಂದು ಪುಟ್ಟ ನಾಟಕ ಆಡಬೇಕು.

ಹೋದ ತಿಂಗಳ ತಪಾಸಣೆಯಲ್ಲಿ ಇಪ್ಪತ್ತೆಂಟು ಮಕ್ಕಳಲ್ಲಿ ಹದಿನೇಳು ಮಕ್ಕಳ ಹಲ್ಲು ಹುಳುಕು. ಆರು ವರ್ಷದ ಬಾಯಿಗಳು. ಇವತ್ತು ಊಟದ ಬಿಡುವಿನಲ್ಲಿ ಒಂದು ಸುತ್ತು ಹಾಕಿ ಡಬ್ಬಿಗಳನ್ನು ನೋಡಿದೆ. ಒಂಬತ್ತರಲ್ಲಿ ಚಿಪ್ಸ್, ಏಳರಲ್ಲಿ ಕ್ರೀಮ್ ಬಿಸ್ಕತ್ತು, ಮೂರರಲ್ಲಿ ಕೇಕು. ಒಬ್ಬನ ನೀರಿನ ಬಾಟಲಿಯಲ್ಲಿ ಕಿತ್ತಳೆ ಬಣ್ಣದ ಸೋಡಾ. ಇದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗದ ಮಾತು.

ಮನೆಗೆ ಬಂದಾಗ ಇವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹೆಬ್ಬೆರಳ ಗಾಯ ಎರಡು ತಿಂಗಳಾದರೂ ಮಾಯ್ದಿಲ್ಲ, ಆದರೂ ಪೆಡಲ್ ತುಳಿಯುವುದು ಬಿಟ್ಟಿಲ್ಲ. ಗೂಟದಲ್ಲಿದ್ದ ಕೋಟಿನ ಜೇಬು ತಡಕಿದೆ. ಬಿಸ್ಕತ್ತಿನ ಪುಡಿ ಸಿಕ್ಕಿತು. ಅಂಗೈ ಅವರ ಮುಂದೆ ಹಿಡಿದೆ. ಅವರೇ ಅಂದರು: "ನಿನ್ನ ಕ್ಲಾಸಿನಲ್ಲಿ ಇಪ್ಪತ್ತೆಂಟಲ್ಲ, ಇಪ್ಪತ್ತೊಂಬತ್ತು ಮಕ್ಕಳು."

ನಗು ಬರಲಿಲ್ಲ. ಊಟಕ್ಕೆ ಒಂದೂವರೆ ಸೌಟು ಅನ್ನ ಅಳೆದು ಹಾಕಿದೆ.

ಜನವರಿ 10, ಬುಧವಾರ

ಕೆಂಪು ರಾಕ್ಷಸ ತಯಾರಾದ. ಹಳೆಯ ಪರದೆ ಬಟ್ಟೆಯಲ್ಲಿ ಇವರೇ ಹೊಲಿದುಕೊಟ್ಟರು. ಕೈ ತೂರಿಸಿದರೆ ಬಾಯಿ ತೆರೆಯುತ್ತದೆ, ಹೊಟ್ಟೆಗೆ ಹತ್ತಿ ತುಂಬಿದೆ. "ಹೊಟ್ಟೆ ಯಾರ ಅಳತೆಯದು, ನಂದಾ?" ಅಂತ ಕೇಳಿದ್ದರು.

ಕ್ಲಾಸಿನಲ್ಲಿ ರಾಕ್ಷಸ ಎದ್ದು ನಿಂತಾಗ ಮಕ್ಕಳು ಬೆಂಚಿನ ಹಿಂದೆ ಅಡಗಿದರು. ಚಿಪ್ಸ್, ಬಿಸ್ಕತ್ತು, ಚಾಕೊಲೇಟು ಎಲ್ಲ ಕೆಂಪು, ರಾಕ್ಷಸನ ಊಟ ಎಂದೆ. ಅದನ್ನು ತಿಂದರೆ ಅವನು ಹೊಟ್ಟೆಯೊಳಗೆ ಬಂದು ಕೂರುತ್ತಾನೆ, ಹಲ್ಲು ಕಡಿಯುತ್ತಾನೆ, ಕಾಲಿನ ಶಕ್ತಿ ಕಸಿಯುತ್ತಾನೆ. ತರಕಾರಿ, ಹಣ್ಣು ಹಸಿರು. ಹಸಿರು ಡಬ್ಬಿ ತಂದವರ ಕೈ ಮೇಲೆ ನಾನು ಹಸಿರು ಚುಕ್ಕಿಯ ಮುದ್ರೆ ಒತ್ತುತ್ತೇನೆ.

ಪಿಸುಗುಟ್ಟುವವರೂ ಇರಲಿಲ್ಲ. ಹದಿನಾರು ವರ್ಷದ ಕೆಲಸದಲ್ಲಿ ಮಕ್ಕಳು ಇಷ್ಟು ನಿಶ್ಶಬ್ದವಾಗಿ ಯಾವ ಪಾಠವನ್ನೂ ಕೇಳಿದ್ದಿಲ್ಲ.

ಜನವರಿ 12, ಶುಕ್ರವಾರ

ಮೂರು ದಿನಕ್ಕೆ ಇಪ್ಪತ್ತೇಳು ಮಕ್ಕಳು ಹಸಿರು. ಉಳಿದಿರುವುದು ಬಟಾಣಿ ಒಬ್ಬಳೇ.

ಗುಂಡು ಗುಂಡಗೆ ಇರುವುದಕ್ಕೆ ಸ್ಕೂಲಿನ ಆಯಮ್ಮ ಇಟ್ಟ ಹೆಸರು ಅದು. ಅವಳ ಅಮ್ಮ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಮನೆಯಲ್ಲಿ ಅವರಿಬ್ಬರೇ. ಅಮ್ಮ ಮುಂಜಾನೆಯೇ ಹೊರಡುವುದರಿಂದ ಪಕ್ಕದ ಮನೆಯವರು ಇವಳನ್ನು ಸ್ಕೂಲಿಗೆ ಬಿಡುತ್ತಾರೆ. ಡಬ್ಬಿಯಲ್ಲಿ ದಿನವೂ ಬಿಸ್ಕತ್ತು, ಇಲ್ಲವೆಂದರೆ ಬ್ರೆಡ್ಡಿಗೆ ಸಕ್ಕರೆ. ಅಮ್ಮನಿಗೆ ಒಂದು ಚೀಟಿ ಬರೆದು ಕಳಿಸಿದ್ದೆ, ಉತ್ತರವಿಲ್ಲ.

ಇವತ್ತು ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮಿಸ್, ಬಿಸ್ಕತ್ತು ಹಸಿರು ಆಗಲ್ವಾ?"

"ಆಗಲ್ಲ ಪುಟ್ಟ."

"ತೊಳೆದ್ರೆ?"

ಸ್ಟಾಫ್ ರೂಮಿನಲ್ಲಿ ಹೇಳಿದೆ, ಎಲ್ಲರೂ ನಕ್ಕರು. ಅವಳ ಕೈಗೆ ಮಾತ್ರ ಚುಕ್ಕಿ ಇಲ್ಲ. ಪಾಪ ಅನ್ನಿಸಿತು. ಆದರೆ ಒಬ್ಬಳಿಗೆ ಸಡಿಲ ಬಿಟ್ಟರೆ ಇಪ್ಪತ್ತೇಳು ಮಕ್ಕಳ ಶ್ರಮ ನೀರಿನಲ್ಲಿ ಹೋಮ.

ಜನವರಿ 16, ಮಂಗಳವಾರ

ಬಟಾಣಿ ಗೆದ್ದಳು.

ನಿನ್ನೆ ನಾನು ತರಕಾರಿ ತಂದು ಕ್ಲಾಸಿನಲ್ಲೇ ಕತ್ತರಿಸಿ ತೋರಿಸಿದ್ದೆ. ಇವತ್ತು ಅವಳ ಡಬ್ಬಿಯಲ್ಲಿ ಕ್ಯಾರೆಟ್ಟು. ನನ್ನ ಅಲೆಅಂಚಿನ ಚಾಕುವಿನಲ್ಲಿ ಕತ್ತರಿಸಿದ ಹಾಗೇ ಚೆಂದದ ಬಿಲ್ಲೆಗಳು. ಅವರಮ್ಮ ಕೊನೆಗೂ ಚೀಟಿ ಓದಿದರು ಅಂತ ಕಾಣುತ್ತದೆ. ಅವಳನ್ನು ಮುಂದೆ ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಮುದ್ರೆ ಒತ್ತುವಾಗ ಕೈ ಎಷ್ಟು ಬಿಗಿಯಾಗಿ ಚಾಚಿದ್ದಳೆಂದರೆ ಬೆರಳುಗಳು ಹಿಂದಕ್ಕೆ ಬಾಗಿದ್ದವು.

ನಾಟಕದಲ್ಲಿ ರಾಕ್ಷಸನನ್ನು ಸೋಲಿಸುವ ಹುಡುಗಿಯ ಪಾತ್ರ ಅವಳಿಗೇ. ನಾಳೆ ಇವರು ಸ್ಕೂಲಿಗೆ ಬಂದು ಮಕ್ಕಳ ಬಟ್ಟೆಯ ಅಳತೆ ತೆಗೆದುಕೊಳ್ಳುತ್ತಾರೆ.

ಜನವರಿ 19, ಶುಕ್ರವಾರ

ಬೆಳಿಗ್ಗೆ ಬಂದ ತಕ್ಷಣ ಆಯಮ್ಮ ನನ್ನನ್ನು ಕ್ಲಾಸಿನ ಹಿಂದಿನ ಚರಂಡಿಯ ಹತ್ತಿರ ಕರೆದುಕೊಂಡು ಹೋದಳು. ಬಿಸ್ಕತ್ತು, ಬ್ರೆಡ್ಡಿನ ಚೂರು ನೆನೆದು ಮುದ್ದೆಯಾಗಿ ಬಿದ್ದಿತ್ತು. ಮೇಲೆಲ್ಲ ಕಪ್ಪು ಇರುವೆ.

"ಮೂರು ದಿನದಿಂದ ನೋಡ್ತಿದೀನಿ ಮಿಸ್. ಯಾವುದೋ ಮಗು ತಂದ ಊಟ ಇಲ್ಲಿಗೆ ಸುರೀತಿದೆ."

"ಸುರೀಲಿ ಬಿಡು, ಹೊಟ್ಟೆಗೆ ಹೋಗೋದಕ್ಕಿಂತ ವಾಸಿ."

ಅವಳು ನನ್ನನ್ನೇ ನೋಡಿದಳು. "ಊಟ ಚೆಲ್ಲೋ ಮಗು ಮತ್ತೇನು ತಿನ್ನುತ್ತೆ ಮಿಸ್?"

ಸ್ವಚ್ಛ ಮಾಡುವ ಬೇಸರಕ್ಕೆ ಹಾಗೆ ಅಂದಿರಬೇಕು. ಊಟ ಚೆಲ್ಲಬಾರದು ಅಂತ ಕ್ಲಾಸಿನಲ್ಲಿ ಒಂದು ಮಾತು ಹೇಳಿದೆ. ಮನಸ್ಸಿನಲ್ಲಿ ಮಾತ್ರ, ಸುಳ್ಳು ಯಾಕೆ ಬರೆಯಲಿ, ಖುಷಿಯೇ ಆಗಿತ್ತು.

ಜನವರಿ 22, ಸೋಮವಾರ

ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಹಸಿರು. ಹೆಡ್‌ಮಿಸ್ ಬಂದು ಮಕ್ಕಳ ಕೈಗಳ ಫೋಟೊ ತೆಗೆದುಕೊಂಡರು.

ಬಟಾಣಿ ನಾಟಕದ ಮಾತು ಎರಡು ಸಲ ಮರೆತಳು. ಆಕಳಿಕೆ ಬೇರೆ. ಗದರಿದೆ.

ಜನವರಿ 23, ಮಂಗಳವಾರ

ಇವರ ಜೊತೆ ಜಗಳ.

ಹೊಲಿದ ಬಟ್ಟೆ ತೊಡಿಸಿ ನೋಡಲು ಸ್ಕೂಲಿಗೆ ಬಂದಿದ್ದರು. ಎಲ್ಲರದೂ ಸರಿಯಾಯಿತು, ಬಟಾಣಿಯ ಲಂಗ ಮಾತ್ರ ಸೊಂಟದಲ್ಲಿ ನಿಲ್ಲದೆ ಜಾರಿತು. ಟೇಪು ಹಿಡಿದು ಮತ್ತೆ ಅಳೆದರು. ಪುಸ್ತಕ ತೆಗೆದು ಹೋದ ಬುಧವಾರದ ಅಳತೆ ನೋಡಿದರು. ಆಮೇಲೆ ನನ್ನನ್ನು ಬಾಗಿಲ ಹೊರಗೆ ಕರೆದರು.

"ಆರು ದಿನಕ್ಕೆ ಒಂದೂವರೆ ಇಂಚು ಕಮ್ಮಿಯಾಗಿದೆ. ಮಗೂಗೆ ಹುಷಾರಿಲ್ವಾ?"

"ನೀವು ತಪ್ಪಾಗಿ ಬರ್ಕೊಂಡಿರ್ತೀರಿ."

"ಮೂವತ್ತು ವರ್ಷದಿಂದ ಇದೇ ಕೆಲಸ ಕಣೇ. ನಾನು ಸುಳ್ಳು ಹೇಳಬಹುದು, ಟೇಪು ಹೇಳಲ್ಲ."

"ಚಿಪ್ಸು ಬಿಸ್ಕತ್ತು ಬಿಟ್ಟಿದ್ದಾಳೆ, ಊದಿದ್ದು ಇಳಿದಿದೆ. ನೀವೂ ಬಿಟ್ಟಿದ್ರೆ ನಿಮ್ಮ ಕಾಲು ಈ ಸ್ಥಿತಿಗೆ ಬರ್ತಿರಲಿಲ್ಲ."

ಅವರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು ಕುಂಟುತ್ತ ಹೋದರು. ಲಂಗಕ್ಕೆ ನಾನೇ ಪಿನ್ನು ಹಾಕಿದೆ. ಪಿನ್ನು ಹಾಕುವಾಗ ಅವಳ ಪಕ್ಕೆಲುಬು ನನ್ನ ಬೆರಳಿಗೆ ತಾಗಿತು.

ಜನವರಿ 24, ಬುಧವಾರ

ಬಿದ್ದಳು.

ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದವಳು ಮುಗ್ಗರಿಸಲೂ ಇಲ್ಲ, ಬಟ್ಟೆ ಜಾರಿ ಬಿದ್ದ ಹಾಗೆ ಬಿದ್ದಳು. ಗಲ್ಲ ಮೆಟ್ಟಿಲಿನ ಅಂಚಿಗೆ ಬಡಿಯಿತು. ನನ್ನ ಸೆರಗೆಲ್ಲ ರಕ್ತ. ಆಯಮ್ಮ ಆಟೊ ನಿಲ್ಲಿಸಿದಳು, ಆಸ್ಪತ್ರೆಗೆ ನಾನೇ ಎತ್ತಿಕೊಂಡು ಹೋದೆ. ಆರು ವರ್ಷದ ಮಗುವಿನ ಭಾರ ಅದಲ್ಲ.

ಮೂರು ಹೊಲಿಗೆ ಬಿತ್ತು. ಆಮೇಲೆ ಡಾಕ್ಟರು ಕೇಳಿದರು: "ಈ ಮಗು ಊಟ ಮಾಡಿ ಎಷ್ಟು ದಿನ ಆಯ್ತು?"

ಅವಳ ಅಮ್ಮ ಸಮವಸ್ತ್ರದಲ್ಲೇ ಓಡಿ ಬಂದರು, ಟಿಕೆಟ್ ಯಂತ್ರ ಇನ್ನೂ ಹೆಗಲಿನಲ್ಲಿ ನೇತಾಡುತ್ತಿತ್ತು. ಡಾಕ್ಟರು ಅವರನ್ನೂ ಅದನ್ನೇ ಕೇಳಿದರು. "ಡಬ್ಬಿ ದಿನಾ ಖಾಲಿ ಬರ್ತಿತ್ತು. ಸಂಜೆ ಊಟಕ್ಕೆ ಕರೆದ್ರೆ ಸ್ಕೂಲಲ್ಲಿ ಜಾಸ್ತಿ ತಿಂದೆ ಅಂತಿದ್ಲು. ಅರ್ಧ ಲೋಟ ಹಾಲು ಕುಡಿದು ಮಲಗೋಳು. ನಾಲ್ಕೂವರೆಗೆ ಹೊರಡೋಳು ನಾನು, ನಂಬಿದೆ."

ಬಟಾಣಿಯ ಗಲ್ಲಕ್ಕೆ ಪಟ್ಟಿ ಹಾಕಿದ್ದರು, ತುಟಿ ಮಾತ್ರ ಆಡುತ್ತಿತ್ತು. ನರ್ಸು ಒಂದು ಬ್ರೆಡ್ ತುಂಡು ತಂದರೆ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಳು. ಅಮ್ಮ ಬೇಡಿಕೊಂಡರು. ಆಗ ಅವಳು ಅಮ್ಮನನ್ನಲ್ಲ, ನನ್ನನ್ನು ನೋಡಿ ಹೇಳಿದಳು:

"ಅಮ್ಮ ಕೊಡೋದೆಲ್ಲ ಕೆಂಪು."

ಜನವರಿ 25, ಗುರುವಾರ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿದೆ, ಅಷ್ಟೇ. ಇಪ್ಪತ್ತೇಳು ಮಕ್ಕಳು ಇದೇ ಪಾಠ ಕೇಳಿ ಚೆನ್ನಾಗಿದ್ದಾರೆ. ಬ್ರೆಡ್ಡಿಗೆ ಸಕ್ಕರೆ ಸವರಿ ಕಳಿಸು ಅಂತ ನಾನು ಹೇಳಿದ್ದೆನೇ?

ಹೆಡ್‌ಮಿಸ್ ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡರು. ಆಸ್ಪತ್ರೆಯಿಂದ ಮಕ್ಕಳ ರಕ್ಷಣಾ ಕಚೇರಿಗೆ ಸುದ್ದಿ ಹೋಗಿದೆ, ಅವರು ಸ್ಕೂಲಿನ ವರದಿ ಕೇಳಿದ್ದಾರೆ.

"ಮಗುವಿಗೆ ಮನೇಲಿ ಸರಿಯಾಗಿ ಊಟ ಹಾಕ್ತಿರಲಿಲ್ಲ, ನೀವು ಚೀಟಿ ಕಳಿಸಿದ್ರೂ ತಾಯಿ ಗಮನ ಕೊಡಲಿಲ್ಲ ಅಂತ ಬರೀರಿ. ಸುಳ್ಳೇನಲ್ಲವಲ್ಲ."

"ಆ ತಾಯಿಗೆ ಏನಾಗುತ್ತೆ ಮೇಡಂ?"

"ವಿಚಾರಣೆ ಆಗುತ್ತೆ. ಜಾಸ್ತಿ ಅಂದ್ರೆ ಮಗು ಸ್ವಲ್ಪ ದಿನ ಅವರ ಆಶ್ರಯದಲ್ಲಿರುತ್ತೆ, ಮೂರು ಹೊತ್ತು ಊಟ ಆದ್ರೂ ಸಿಗುತ್ತೆ. ಸೋಮವಾರ ನನ್ನ ಮೇಜಿನ ಮೇಲಿರಲಿ."

ಸುಳ್ಳೇನಲ್ಲ. ಚೀಟಿ ಕಳಿಸಿದ್ದು ನಿಜ. ಬಿಸ್ಕತ್ತು ನಿಜ.

ಮೊದಲ ಸಾಲು ಬರೆದಿಟ್ಟಿದ್ದೇನೆ.

ಜನವರಿ 27, ಶನಿವಾರ

ವರದಿ ಮುಗಿಸಲು ಸ್ಕೂಲಿಗೆ ಹೋದೆ, ಮನೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಬಟಾಣಿಯ ಚೀಲ ಬುಧವಾರದಿಂದ ಅವಳ ಬೆಂಚಿನ ಮೇಲೇ ಇತ್ತು. ಕೆಟ್ಟ ವಾಸನೆ. ಬಿಚ್ಚಿದೆ.

ಊಟದ ಡಬ್ಬಿಯೊಳಗೆ ಒದ್ದೆ ಕರ್ಚೀಫು. ಕರ್ಚೀಫಿನೊಳಗೆ ಕ್ಯಾರೆಟ್ಟು. ಬಾಡಿ ಸುರುಟಿದ್ದವು, ಕೆಲವಕ್ಕೆ ಬೂಸಲು ಬಂದಿತ್ತು. ಅಂಚೆಲ್ಲ ಅಲೆ ಅಲೆ. ಆ ಸೋಮವಾರ ಪಾಠಕ್ಕೆ ನಾನು ಕತ್ತರಿಸಿ, ಮುಗಿದ ಮೇಲೆ ಕಸದ ಬುಟ್ಟಿಗೆ ಹಾಕಿದ ಬಿಲ್ಲೆಗಳು.

ಎಣಿಸಿದೆ. ಹನ್ನೊಂದು. ಒಂದನ್ನೂ ತಿಂದಿಲ್ಲ. ತಿಂದರೆ ಮಾರನೆಯ ದಿನ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಬಾಡದಿರಲಿ ಅಂತ ದಿನವೂ ಕರ್ಚೀಫು ಒದ್ದೆ ಮಾಡಿ ಸುತ್ತಿದ್ದಾಳೆ. ಅಮ್ಮ ಕೊಟ್ಟದ್ದನ್ನು ಚರಂಡಿಗೆ ಸುರಿದು, ಇದನ್ನು ಜೋಡಿಸಿಟ್ಟು, ನನಗೆ ಕೈ ಚಾಚಿದ್ದಾಳೆ. ನಾನು ದಿನವೂ ಡಬ್ಬಿಯತ್ತ ಒಂದು ಕಣ್ಣು ಹಾಯಿಸಿ ಮುದ್ರೆ ಒತ್ತಿದ್ದೇನೆ. ಕ್ಯಾರೆಟ್ಟು ಬಾಡಿದ್ದು ಕಾಣಲಿಲ್ಲ. ಮಗು ಬಾಡಿದ್ದೂ ಕಾಣಲಿಲ್ಲ.

ಚೀಲದ ತಳದಲ್ಲಿ ನಾನು ಅಮ್ಮನಿಗೆ ಬರೆದ ಚೀಟಿ ಮಡಿಸಿದ ಹಾಗೇ ಇತ್ತು. ಆ ತಾಯಿಗೆ ಅದು ತಲುಪಿಯೇ ಇರಲಿಲ್ಲ.

ಡಬ್ಬಿ ತೊಳೆದೆ. ಎಷ್ಟು ತಿಕ್ಕಿದರೂ ವಾಸನೆ ಹೋಗಲಿಲ್ಲ.

ಜನವರಿ 29, ಸೋಮವಾರ

ಎರಡು ಪುಟ ಕೊಟ್ಟೆ. ರಾಕ್ಷಸ, ಮುದ್ರೆ, ಚಪ್ಪಾಳೆ, ಕ್ಯಾರೆಟ್ಟು, ಚರಂಡಿಯ ಹತ್ತಿರ ಆಯಮ್ಮ ಹೇಳಿದ ಮಾತು, ಅದಕ್ಕೆ ನಾನು ಕೊಟ್ಟ ಉತ್ತರ, ತಲುಪದ ಚೀಟಿ. ತಾಯಿಯ ತಪ್ಪಿಲ್ಲ ಎಂದೂ ಬರೆದೆ.

ಹೆಡ್‌ಮಿಸ್ ಓದಿ ಕನ್ನಡಕ ತೆಗೆದಿಟ್ಟರು. "ಇದನ್ನು ಕಳಿಸಿದ್ರೆ ನಿಮ್ಮ ಮೇಲೆ ವಿಚಾರಣೆ ಆಗುತ್ತೆ. ಸ್ಕೂಲಿನ ಹೆಸರೂ ಹಾಳಾಗುತ್ತೆ. ಯೋಚನೆ ಮಾಡಿದ್ದೀರಾ?"

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಬೇಡ ಮೇಡಂ."

"ಗಾದೆ ಚೆನ್ನಾಗಿದೆ. ವಿಚಾರಣೇಲೂ ಇದನ್ನೇ ಹೇಳಿ." ವರದಿಯನ್ನು ಲಕೋಟೆಗೆ ಹಾಕಿದರು. ನಾಟಕ ರದ್ದು, ಒಂಬತ್ತನೆಯ ತಾರೀಕು ನಾನು ಸಭಾಂಗಣದ ಹತ್ತಿರ ಸುಳಿಯಕೂಡದು ಎಂದರು. ಕ್ಲಾಸು ಮಾತ್ರ ಕಿತ್ತುಕೊಳ್ಳಲಿಲ್ಲ. "ಒಂದನೇ ಕ್ಲಾಸಿಗೆ ಬೇರೆ ಯಾರೂ ಒಪ್ಪಲ್ಲ, ಅದು ನಿಮ್ಮ ಅದೃಷ್ಟ."

ಮನೆಯಲ್ಲಿ ಇವರಿಗೆ ಎಲ್ಲ ಹೇಳಿದೆ. ಟೇಪಿನ ವಿಷಯ ನಾನೇ ಎತ್ತಿದೆ, ಅವರು ಎತ್ತಲಿಲ್ಲ. ಚಹಾ ಮಾಡಿ ತಂದುಕೊಟ್ಟರು.

ಜನವರಿ 31, ಬುಧವಾರ

ಸ್ಕೂಲು ಬಿಟ್ಟ ಮೇಲೆ ಬಟಾಣಿಯ ಮನೆಗೆ ಹೋದೆ. ಔಷಧಿ ಅಂಗಡಿಯ ಮೇಲೆ ಒಂದೇ ಕೋಣೆ. ಕಿಟಕಿಯ ಕೆಳಗೆ ಒಲೆ, ಗೂಟದಲ್ಲಿ ಸಮವಸ್ತ್ರ. ಬಟಾಣಿ ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದ್ದಳು.

ಅವಳ ಅಮ್ಮ ಬಾಗಿಲಲ್ಲೇ ನಿಂತರು. "ಮನೆಗೂ ಬಂದ್ರಾ? ಬನ್ನಿ, ಪಾತ್ರೆ ಎಲ್ಲ ಕೆಳಗಿಳಿಸಿ ತೋರಿಸ್ತೀನಿ. ಚುಕ್ಕಿ ಹಾಕಿ ಹೋಗಿ."

ಬಟಾಣಿಯ ಚೀಲ ಕೆಳಗಿಟ್ಟೆ. ಕ್ಯಾರೆಟ್ಟಿನ ವಿಷಯ ಹೇಳಿದೆ. ಕಚೇರಿಗೆ ಏನು ಬರೆದೆ ಅಂತಲೂ ಹೇಳಿದೆ. ತಪ್ಪು ನನ್ನದು ಎಂದೆ.

"ತಪ್ಪು ಅಂದ್ರೆ ಇವಳ ಹೊಟ್ಟೆ ತುಂಬುತ್ತಾ ಮಿಸ್?" ದನಿ ಏರಲಿಲ್ಲ, ಅದೇ ಕಷ್ಟವಾಯಿತು. "ಅನ್ನ ಕೊಟ್ರೆ ಇದು ಯಾವ ಬಣ್ಣ ಅಂತ ಕೇಳ್ತಾಳೆ. ನಂಗೇನು ಗೊತ್ತು? ಡಾಕ್ಟರು ಕೊಟ್ಟ ಪುಡಿ ಬಿಟ್ಟು ಏನೂ ಮುಟ್ಟಲ್ಲ. ಅದು ಹಸಿರು ಡಬ್ಬದಲ್ಲಿದೆ, ಅದಕ್ಕೆ. ನನ್ನ ಮಾತು ನಡೆಯಲ್ಲ, ಇವಳಿಗೆ ಮಿಸ್ ಹೇಳಿದ್ದೇ ವೇದ. ನೀವು ಹಾಕಿದ ಗಂಟು, ನೀವೇ ಬಿಚ್ಚಿ."

"ಸಕ್ಕರೆ ಬ್ರೆಡ್ಡು ಇದೆಯಾ?" ಎಂದೆ.

ಅವರು ತಂದುಕೊಟ್ಟರು. ಚಾಪೆಯ ಪಕ್ಕ ಕೂತು ತಿಂದೆ. ಹಲ್ಲಿನ ನಡುವೆ ಸಕ್ಕರೆ ಕರಕರ ಅನ್ನುತ್ತಿತ್ತು. ಬಟಾಣಿ ತಿರುಗಿದಳು. ಪೂರ್ತಿ ಮುಗಿಯುವವರೆಗೆ ನನ್ನ ಬಾಯನ್ನೇ ನೋಡಿದಳು.

"ಮಿಸ್, ಈಗ ನಿಮ್ಮ ಹೊಟ್ಟೇಲಿ ರಾಕ್ಷಸ ಇದಾನಾ?"

"ಇಲ್ಲ ಪುಟ್ಟ. ರಾಕ್ಷಸ ಅನ್ನೋದೇ ಇಲ್ಲ. ನಾನು ಸುಳ್ಳು ಹೇಳಿದ್ದೆ."

ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು. ಏನೂ ತಿನ್ನಲಿಲ್ಲ.

ಫೆಬ್ರವರಿ 2, ಶುಕ್ರವಾರ

ಇವತ್ತೂ ಹೋದೆ. ತಿನ್ನಲಿಲ್ಲ. ಹಾಲು ಪೂರ್ತಿ ಒಂದು ಲೋಟ ಕುಡಿದಳು. "ನಾಳೆ ಬರ್ತೀರಾ?" ಅಂತ ಕೇಳಿದ್ದು ಬಟಾಣಿಯಲ್ಲ, ಅವಳ ಅಮ್ಮ.

ಫೆಬ್ರವರಿ 6, ಮಂಗಳವಾರ

ಕ್ಲಾಸಿನಲ್ಲಿ ರಾಕ್ಷಸನ ಹೊಟ್ಟೆ ಬಿಚ್ಚಿ ಹತ್ತಿ ಹೊರಗೆ ತೆಗೆದು ತೋರಿಸಿದೆ. "ನೋಡಿ, ಬರೀ ಹತ್ತಿ. ಮಿಸ್ ನಿಮ್ಮನ್ನು ಹೆದರಿಸಿದ್ದು ತಪ್ಪು." ಮುದ್ರೆಯನ್ನು ನಿನ್ನೆಯೇ ಎಸೆದೆ.

ಮುಂದಿನ ಬೆಂಚಿನ ವಕೀಲ ಎದ್ದ. ಎಲ್ಲದಕ್ಕೂ ವಾದ ಮಾಡುವುದರಿಂದ ಅವನಿಗೆ ಆ ಹೆಸರು. "ಹಾಗಾದ್ರೆ ದಿನಾ ಚಿಪ್ಸ್ ತಿನ್ನಬಹುದು."

"ದಿನಾ ಬೇಡ."

"ರಾಕ್ಷಸ ಇಲ್ವಲ್ಲ ಮಿಸ್."

ಇದಕ್ಕೆ ಉತ್ತರವನ್ನು ನಾನು ನಾಲ್ಕು ವಾರದ ಹಿಂದೆಯೇ ಯೋಚಿಸಬೇಕಿತ್ತು. "ಪರೀಕ್ಷೆ ಮಾಡಿ ನೋಡೋಣ. ಏನು ತಿಂದ್ರೆ ಮನೆಗೆ ಹೋಗೋವರೆಗೂ ಹಸಿವಾಗಲ್ಲ, ನೀವೇ ಹೇಳಿ" ಎಂದೆ. ಯಾರ ಡಬ್ಬಿಯನ್ನೂ ತೆರೆಸಲಿಲ್ಲ. ಬಾಳೆಹಣ್ಣು, ಬೇಯಿಸಿದ ಕಡಲೆಕಾಯಿ ನಡುವೆ ಇಟ್ಟೆ, ಬೇಕಾದವರು ತೆಗೆದುಕೊಂಡರು. ಮೂರು ಗಂಟೆಗೆ ವಕೀಲ ಹತ್ತಿರ ಬಂದು ಗುಟ್ಟಾಗಿ ಹೇಳಿದ: "ಮಿಸ್, ನಾನು ಚಿಪ್ಸ್ ತಿಂದಿದ್ದೆ. ಹಸಿವು." ಉಳಿದಿದ್ದ ಬಾಳೆಹಣ್ಣು ಕೊಟ್ಟೆ. ತಿನ್ನುತ್ತ ಅಂದ, "ಚಿಪ್ಸ್ ರುಚಿ ಮಾತ್ರ ಚೆನ್ನಾಗಿರುತ್ತೆ ಅಲ್ವಾ?" ಹೌದು ಎಂದೆ.

ವಿಚಾರಣೆಯ ಪತ್ರ ಬಂತು, ಸೋಮವಾರ ಹಾಜರಾಗಬೇಕು. ಆ ತಾಯಿಯ ಮೇಲಿನ ವಿಚಾರಣೆ ಕೈಬಿಟ್ಟಿದ್ದಾರೆ.

ಸಂಜೆ ಇವರು ಬೇಕರಿಯಿಂದ ಒಂದು ಬನ್ನು ತಂದಿದ್ದರು, ಬಚ್ಚಿಡದೆ ಮೇಜಿನ ಮೇಲೇ ಇಟ್ಟಿದ್ದರು. ಇಬ್ಬರೂ ಹಂಚಿಕೊಂಡೆವು. ಕಾಲು ಭಾಗ ತಿಂದು ಅವರೇ ಸಾಕು ಎಂದರು. ಅವರು ಮೊದಲ ಸಲ ಹೊಲಿದ ಅಂಗಿಯ ಕಥೆ ಹೇಳಿದರು, ಎರಡೂ ತೋಳು ಎಡಗೈಯದೇ ಆಗಿಹೋಗಿತ್ತಂತೆ. ಮದುವೆಯಾಗಿ ಹತ್ತೊಂಬತ್ತು ವರ್ಷ, ಈ ಕಥೆ ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ 9, ಶುಕ್ರವಾರ

ಸ್ಕೂಲಿನಲ್ಲಿ ಇವತ್ತು ಡಾಕ್ಟರು, ಅಪ್ಪ ಅಮ್ಮಂದಿರು, ಮೈಕು. ನಾನು ರಜೆ ಹಾಕಿ ಬೆಳಿಗ್ಗೆಯೇ ಬಟಾಣಿಯ ಮನೆಗೆ ಹೋದೆ.

ಅವಳ ಅಮ್ಮ ಮೊಟ್ಟೆ ಬೇಯಿಸುತ್ತಿದ್ದರು. ಮಧ್ಯಾಹ್ನದ ಪಾಳಿ ಕೇಳಿಕೊಂಡಿದ್ದಾರಂತೆ, ಮೂರು ತಿಂಗಳಿಗೆ ಒಪ್ಪಿದ್ದಾರೆ. ನನಗೊಂದು ತಟ್ಟೆ ಇಟ್ಟರು. ಮೊದಲ ದಿನ ಹೀಗೆ ಇಟ್ಟಿರಲಿಲ್ಲ. ಬಟಾಣಿ ನನ್ನ ಎದುರು ಕೂತಳು. ಗಲ್ಲದ ಹೊಲಿಗೆ ಬಿಚ್ಚಿದ್ದಾರೆ, ಕೆಂಪು ಗೆರೆ ಇದೆ.

ನಾನು ತಿನ್ನು ಅನ್ನಲಿಲ್ಲ. ಅಮ್ಮನೂ ಅನ್ನಲಿಲ್ಲ. ನಾನೊಂದು ಮೊಟ್ಟೆ ಸುಲಿದೆ, ಸಿಪ್ಪೆ ಸರಿಯಾಗಿ ಬರದೆ ಅರ್ಧ ಮೊಟ್ಟೆ ಕಿತ್ತು ಬಂತು. ಬಟಾಣಿ ಸ್ವಲ್ಪ ಹೊತ್ತು ನೋಡಿದಳು.

"ಹಾಗಲ್ಲ ಮಿಸ್. ಅಮ್ಮ ನೀರಲ್ಲಿ ಹಾಕಿ ಸುಲೀತಾಳೆ."

"ನಂಗೆ ಬರಲ್ಲ. ತೋರಿಸು."

ಅವಳು ಇನ್ನೊಂದು ಮೊಟ್ಟೆ ತೆಗೆದುಕೊಂಡು ತಣ್ಣೀರಿನ ಬಟ್ಟಲಿನಲ್ಲಿ ಮುಳುಗಿಸಿ, ನಾಲಿಗೆ ಕಚ್ಚಿಕೊಂಡು, ಚೂರು ಚೂರಾಗಿ ಸುಲಿದಳು. ಇಡೀ ಮೊಟ್ಟೆ ನುಣ್ಣಗೆ ಹೊರಗೆ ಬಂತು. ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಬಣ್ಣ ಕೇಳುತ್ತಾಳೆ ಅಂದುಕೊಂಡೆ.

ಕೇಳಲಿಲ್ಲ. ತುದಿಯನ್ನು ಸ್ವಲ್ಪ ಕಚ್ಚಿದಳು. ಅಗಿದಳು, ತುಂಬ ಹೊತ್ತು. ನುಂಗಿದಳು. ಮತ್ತೆ ಕಚ್ಚಿದಳು. ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ನಿಂತು ಹೊರಟಿತು. ನಾನೂ ಅವಳ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡದೆ ಇದ್ದೆವು, ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಅಂತ.

ಕೊನೆಯ ತುಣುಕು ಬಾಯಿಗೆ ಹಾಕಿಕೊಂಡು, ಬೆರಳು ಲಂಗಕ್ಕೆ ಒರೆಸಿಕೊಂಡು, ಅವಳು ನನ್ನನ್ನು ದಾಟಿ ಒಲೆಯ ಕಡೆ ನೋಡಿದಳು.

"ಅಮ್ಮಾ, ಇನ್ನೊಂದು ಇದೆಯಾ?"

"ಇದೆ" ಅಂದರು ಅವಳ ಅಮ್ಮ. ಅಂದವರು ಒಲೆಯ ಕಡೆ ಮುಖ ಮಾಡಿ ನಿಂತೇ ಇದ್ದರು, ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.